ಉಪ್ಪು ನೋಡುವ ಮಗಳು

ಮಂಗಳವಾರ, ಹನ್ನೊಂದನೇ ತಾರೀಕು
ಮಧ್ಯಾಹ್ನ, ಡಬ್ಬಿಗಳು ಹೋದ ಮೇಲೆ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಮೊದಲು ನನಗೆ ನಾಲ್ಕು ಬೈದುಬಿಡು, ಆಮೇಲೆ ಓದು. ನೀನು ಬರೆದ ಮೂರು ಪತ್ರಗಳೂ ಸಕ್ಕರೆ ಡಬ್ಬಿಯ ಹಿಂದೆ ನಿಂತು ಮೂರು ತಿಂಗಳಿಂದ ನನ್ನ ಮುಖವನ್ನೇ ನೋಡುತ್ತಿವೆ. ನೀನು ಫೋನನ್ನೂ ಮೂರು ಸಲ ಮಾಡಿದೆ. ಮೂರು ಸಲವೂ ನಾನು "ಹಾಲು ಉಕ್ತಾ ಇದೆ ಅಕ್ಕ, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ನಿನಗೂ ಗೊತ್ತಾಗಿರುತ್ತದೆ, ಚಿಕ್ಕಂದಿನಿಂದ ನನ್ನ ಸುಳ್ಳನ್ನು ಮೊದಲು ಹಿಡಿಯುತ್ತಿದ್ದವಳು ನೀನೇ ತಾನೇ.

ನಾವೆಲ್ಲ ಚೆನ್ನಾಗಿದ್ದೇವೆ. ಬಸ್ ಡಿಪೋದಲ್ಲಿ ಇವರನ್ನು ಎರಡನೇ ಪಾಳಿಗೆ ಹಾಕಿದ್ದಾರೆ. ಹನ್ನೊಂದೂವರೆಗೆ ಇಪ್ಪತ್ತೆರಡು ಊಟದ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟರೆ, ಚಪ್ಪಲಿ ಕಾರ್ಖಾನೆಗೆ ಕೊಟ್ಟು ಹಾಗೇ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಅಲ್ಲಿನ ಮೇಸ್ತ್ರಿ ಇವರನ್ನು ನಿಲ್ಲಿಸಿಕೊಂಡು, "ಏನ್ರೀ, ಬದನೆಕಾಯಿಗೆ ಏನು ಹಾಕ್ತಾರ್ರೀ ನಿಮ್ಮನೆಯವರು? ಡಬ್ಬಿ ತೊಳೆಯೋ ಕೆಲಸಾನೇ ಇಲ್ಲ, ಜನ ನೆಕ್ಕಿಬಿಟ್ಟಿದ್ದಾರೆ" ಅಂದರಂತೆ. ಇವರು ಬಂದು ಅದನ್ನು ಸ್ವಂತ ಸಾಧನೆಯ ಹಾಗೆ ಹೇಳಿದರು. ಚಿಕ್ಕವಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮನೆಗೆ ಯಾರೇ ಬರಲಿ, ಬಾಯಿ ತೆರೆದು ತೋರಿಸಿಯೇ ಒಳಗೆ ಬಿಡುತ್ತಾಳೆ. ಭಾವನವರ ಕೆಮ್ಮು ಕಡಿಮೆಯಾಯಿತಾ?

ಸರಿ, ಸುತ್ತಿ ಬಳಸಿದ್ದು ಸಾಕು. ನೀನು ಕೇಳುತ್ತಿರುವುದು ಒಂದೇ ಪ್ರಶ್ನೆ: ಚೂಟಿಯನ್ನು ಯಾವಾಗ ಕಳಿಸುತ್ತೀಯ?

ನಮ್ಮ ದೊಡ್ಡವಳು ಬರುವುದಿಲ್ಲ ಅಕ್ಕ. ಕಟ್ಟಡಗಳ ನಕ್ಷೆ ಬಿಡಿಸುವ ಆ ಕೋರ್ಸಿಗೆ ಸೀಟು ಸಿಕ್ಕಿದ್ದು ಅವಳ ಅಂಕಗಳಿಂದಲೇ ಇರಬಹುದು, ಆದರೆ ಅರ್ಜಿ ತುಂಬಿಸಿ, ಕಚೇರಿಯ ಬಾಗಿಲು ಬಾಗಿಲು ಸುತ್ತಿದವಳು ನೀನು. ಗ್ರಂಥಾಲಯದ ಕೆಲಸ ಬಿಟ್ಟು ಮಧ್ಯಾಹ್ನದ ಊಟವನ್ನೂ ಬಿಟ್ಟು ಸುತ್ತಿದೆಯಂತೆ, ಭಾವ ಹೇಳಿದರು. ಹಿಂದಿನ ಕೋಣೆಗೆ ಬಣ್ಣ ಬಳಿಸಿ, ಕಿಟಕಿಯ ಹತ್ತಿರ ದೊಡ್ಡ ಮೇಜು ಹಾಕಿಸಿದ್ದೀಯಂತೆ. ಇದನ್ನೆಲ್ಲ ಯೋಚಿಸಿದಾಗ ನನಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸುತ್ತದೆ. ಇದರ ಜೊತೆ ಮಡಚಿಟ್ಟಿರುವ ಚೀಟಿ ಅವಳದೇ ಕೈಬರಹ. "ಮನೆಯ ಕಾರಣದಿಂದ ಸೀಟು ಬಿಡುತ್ತಿದ್ದೇನೆ" ಎಂದು ಸಹಿ ಹಾಕಿದ್ದಾಳೆ. ಇಪ್ಪತ್ತನೇ ತಾರೀಕು ಕೊನೆಯ ದಿನವಲ್ಲವೇ, ಅದರೊಳಗೆ ಕಚೇರಿಗೆ ಕೊಟ್ಟುಬಿಡು. ಬೇರೆ ಯಾರಿಗಾದರೂ ಸಿಗಲಿ ಎನ್ನುತ್ತಾಳೆ.

ಮನೆಯ ಕಾರಣ ಎಂದರೆ ನಾನು.

ಹೋದ ವರ್ಷ ಚಳಿಗಾಲದಲ್ಲಿ ನನಗೆ ಜ್ವರ ಬಂದದ್ದು ನಿನಗೆ ಗೊತ್ತು. ಆಮೇಲಿನದನ್ನು ಅರ್ಧ ನುಂಗಿಕೊಂಡು ಹೇಳಿದ್ದೆ. ಜ್ವರ ಹೋಗುವಾಗ ನನ್ನ ಮೂಗನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಯಿತು. ವಾಸನೆ ಇಲ್ಲ, ಉಪ್ಪಿಲ್ಲ, ಖಾರವಿಲ್ಲ. ಅನ್ನ ತಿಂದರೆ ಒದ್ದೆ ಕಾಗದ ಅಗಿದಂತೆ. ಡಾಕ್ಟರು, "ಬಂದ್ರೆ ಬರುತ್ತಮ್ಮ, ಬರದಿದ್ರೆ ಅಭ್ಯಾಸ ಮಾಡ್ಕೋಬೇಕು" ಅಂದರು. ಅಡುಗೆಯವಳಿಗೆ ಹೇಳುವ ಮಾತೇ ಅದು? ಮೊದಲ ವಾರವೇ ಇಪ್ಪತ್ತೆರಡು ಡಬ್ಬಿಗೂ ಎರಡು ಸಲ ಉಪ್ಪು ಹಾಕಿ ಕಳಿಸಿದೆ. ಅಷ್ಟೂ ಡಬ್ಬಿಗಳು ತುಂಬಿಕೊಂಡೇ ವಾಪಸ್ಸು ಬಂದವು.

ಆಮೇಲೆ ಇನ್ನೊಂದು ದಿನ. ಒಲೆ ಹಚ್ಚಿ, ಹಾಲಿಟ್ಟು, ಹಿತ್ತಲಲ್ಲಿ ಬಟ್ಟೆ ಒಣಹಾಕಲು ಹೋದೆ. ಗಾಳಿಗೆ ಉರಿ ಆರಿಹೋಗಿತ್ತು. ನಾನು ಒಳಗೆ ಬಂದು ಈರುಳ್ಳಿ ಹೆಚ್ಚುತ್ತಾ ಕುಳಿತೆ. ಮನೆ ತುಂಬ ಗ್ಯಾಸು, ನನಗೆ ಏನೂ ಗೊತ್ತಿಲ್ಲ. ಬೆಂಕಿಪೊಟ್ಟಣಕ್ಕೆ ಕೈ ಹಾಕಿದ್ದೆ ಅಕ್ಕ. ಚೂಟಿ ಕೋಣೆಯಿಂದ ಓಡಿಬಂದು ಕೈಗೆ ಹೊಡೆದು ಬೀಳಿಸಿದಳು. ಚಿಕ್ಕವಳನ್ನು ಹಾಸಿಗೆಯಿಂದ ಎತ್ತಿಕೊಂಡು ಹೊರಗೆ ತಂದಳು. ಬೀದಿಯಲ್ಲಿ ನಾನು ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಹಿಡಿದು ನಿಂತಿದ್ದೆ.

ಅವತ್ತಿನಿಂದ ಅವಳು ನನ್ನನ್ನು ಒಬ್ಬಳೇ ಒಲೆಯ ಹತ್ತಿರ ಬಿಟ್ಟಿಲ್ಲ.

ನಿನಗೆ ನಮ್ಮಿಬ್ಬರ ಕಥೆ ಗೊತ್ತಲ್ಲ, ಎಣ್ಣೆ ಸೀಗೆಕಾಯಿ ಸಂಬಂಧ. ಹದಿನೈದು ತುಂಬಿದಾಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂತವಳು. ಊಟಕ್ಕೆ ಕರೆದರೆ "ಹಸಿವಿಲ್ಲ", ಏನಾಯಿತೆಂದು ಕೇಳಿದರೆ "ಏನಿಲ್ಲ". ನಾನೂ ಕಡಿಮೆಯವಳಲ್ಲ. ಒಮ್ಮೆ ಸಿಟ್ಟಿನಲ್ಲಿ ಅವಳು ಬಿಡಿಸಿದ ಹಾಳೆಯನ್ನು ಕಸದ ಜೊತೆ ಗುಡಿಸಿ ಹಾಕಿದ್ದೆ. "ನಿಂಗೆ ಒಲೆ ಬಿಟ್ರೆ ಪ್ರಪಂಚದಲ್ಲಿ ಏನಾದ್ರೂ ಗೊತ್ತಾ?" ಅಂದಳು. ಎಂಟು ದಿನ ನಮ್ಮ ಮಧ್ಯೆ ಮಾತಿರಲಿಲ್ಲ. ಮಗಳನ್ನು ಬೆಳೆಸುವುದು ಹೇಗೆಂದು ಎಲ್ಲರೂ ಹೇಳಿಕೊಡುತ್ತಾರೆ, ಅವಳು ಬಾಗಿಲು ಹಾಕಿಕೊಂಡಾಗ ಈಚೆ ಕಡೆ ನಿಂತ ತಾಯಿ ಕೈಯನ್ನು ಎಲ್ಲಿಡಬೇಕೆಂದು ಯಾರೂ ಹೇಳುವುದಿಲ್ಲ.

ಅಂಥವಳು ಬೆಳಿಗ್ಗೆ ಐದೂವರೆಗೆ ಎದ್ದು ನನ್ನ ಪಕ್ಕ ನಿಲ್ಲತೊಡಗಿದಳು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ, ನೆಕ್ಕಿ, ತೀರ್ಪು ಕೊಡುತ್ತಾಳೆ. ಬರೀ ಸಾಕು, ಬೇಕು ಎಂದರೆ ನನಗೆ ಬೇಜಾರೆಂದು ರುಚಿಯನ್ನೇ ಬಿಡಿಸಿ ಹೇಳುತ್ತಾಳೆ. "ಅಮ್ಮ, ಇವತ್ತಿನ ಸೂಪು ಥೇಟ್ ಅಪ್ಪ. ಮೊದ್ಲು ಏನೂ ಗೊತ್ತಾಗಲ್ಲ, ಎರಡು ನಿಮಿಷ ಆದ್ಮೇಲೆ ಗಂಟಲಲ್ಲಿ ಸಿಟ್ಟು ಬರುತ್ತೆ." ಇನ್ನೊಂದು ದಿನ ಕುಂಬಳಕಾಯಿಗೆ, "ಇದು ಪಕ್ಕದ್ಮನೆ ಆಂಟಿ. ಸಿಹಿ ಜಾಸ್ತಿ ಆಯ್ತು, ನಂಬಕ್ಕಾಗಲ್ಲ." ನಾವಿಬ್ಬರೂ ನಗುವುದಕ್ಕೆ ಚಿಕ್ಕವಳು ಎದ್ದುಬಂದು ಏನೆಂದು ಕೇಳುತ್ತಾಳೆ. ನಗುತ್ತಾ ನಗುತ್ತಾ ಕಾಲೇಜಿನ ಮಾತು, ಗೆಳತಿಯರ ಮಾತು, ಯಾರನ್ನೋ ಇಷ್ಟಪಟ್ಟು ಬಿಟ್ಟ ಮಾತು, ಎಲ್ಲ ಹೊರಗೆ ಬಂತು. ಎಳೆ ಮಗುವಾಗಿದ್ದಾಗ ಅವಳ ಗಂಜಿಯನ್ನು ನಾನು ತುಟಿಗೆ ಮುಟ್ಟಿಸಿ ಬಿಸಿ ನೋಡಿ ಕೊಡುತ್ತಿದ್ದೆ. ಈಗ ನನ್ನ ಬಾಯಿಗೆ ಬೀಳುವುದನ್ನೆಲ್ಲ ಅವಳು ಮೊದಲು ನೋಡುತ್ತಾಳೆ.

(ಎದುರು ಮನೆಯಲ್ಲಿ ಬೆಣ್ಣೆಯಲ್ಲಿ ಏನೋ ಹುರಿಯುತ್ತಿದ್ದಾರೆ, ಬರೆಯಲು ಮನಸ್ಸು ನಿಲ್ಲುತ್ತಿಲ್ಲ. ಕಿಟಕಿ ಮುಚ್ಚಿ ಬಂದೆ.)

ಇವರು ಅವಳನ್ನು ಕಳಿಸಬೇಕೆಂದೇ ಹಟ ಹಿಡಿದಿದ್ದರು. "ಗ್ಯಾಸ್ ಸೋರಿದ್ರೆ ಕೂಗೋ ಯಂತ್ರ ಸಿಗುತ್ತೆ ಕಣೇ, ತಂದು ಹಾಕ್ತೀನಿ. ಉಪ್ಪು ನೋಡೋಕೆ ಚಿಕ್ಕೋಳಿದಾಳೆ" ಅಂದರು. ತಂದೂ ಹಾಕಿದರು. ಅದು ಒಗ್ಗರಣೆಯ ಹೊಗೆಗೂ ಕೂಗಿ ಕೂಗಿ ಬೀದಿಯವರನ್ನೆಲ್ಲ ಸೇರಿಸಿತು, ತೆಗೆದು ಕಪಾಟಿನ ಮೇಲೆ ಇಟ್ಟಿದ್ದೇನೆ. ಚಿಕ್ಕವಳನ್ನು ಉಪ್ಪು ನೋಡಲು ನಿಲ್ಲಿಸಿದರೆ ಎಲ್ಲಕ್ಕೂ "ಸೂಪರ್" ಎನ್ನುತ್ತಾಳೆ. ಉಪ್ಪೇ ಹಾಕದ ಬೇಳೆಗೂ ಸೂಪರ್, ಹಿಟ್ಟಿಗೂ ಸೂಪರ್. ಇವರು ಕೈ ಚೆಲ್ಲಿದರು.

ಚೂಟಿ ಹೋದ ತಿಂಗಳು ನಮ್ಮ ಅಡುಗೆಮನೆಯ ನಕ್ಷೆ ಬಿಡಿಸಿದಳು. ಏಳಡಿ ಅಗಲ, ಒಂಬತ್ತಡಿ ಉದ್ದ. ಫ್ರಿಜ್ಜಿನ ಬಾಗಿಲು ತೆರೆದರೆ ಒಬ್ಬರು ಒಲೆಗೆ ಅಂಟಿಕೊಂಡು ನಿಲ್ಲಬೇಕು, ಅದನ್ನೂ ಗೆರೆ ಎಳೆದು ತೋರಿಸಿದ್ದಾಳೆ. ಒಲೆಯ ಮುಂದೆ ಎರಡು ಚುಕ್ಕೆ. ಒಂದರ ಕೆಳಗೆ "ಅಮ್ಮ", ಇನ್ನೊಂದರ ಕೆಳಗೆ "ನಾನು". "ಈ ರೂಮಿಗೆ ಇನ್ನೊಂದು ಬಾಗಿಲು ಎಲ್ಲಿಡಬಹುದು ಅಂತ ನೋಡ್ದೆ ಅಮ್ಮ. ಎಲ್ಲೂ ಆಗಲ್ಲ. ಮೂರು ಕಡೆನೂ ಬೇರೆಯವರ ಗೋಡೆ" ಅಂದಳು. ನಾನು ಆ ಮಾತಿಗೆ ನಕ್ಕೆ. ಹದಿನಾರು ವರ್ಷದಿಂದ ಈ ಏಳಡಿಯೊಳಗೇ ತಿರುಗುತ್ತಿದ್ದೇನೆ, ನೀನು ಕಾಲು ಮುರಿದುಕೊಂಡಾಗಲೂ ಎರಡು ದಿನ ಬಂದು ನೋಡಿಕೊಳ್ಳಲಾಗಲಿಲ್ಲ. ಆದರೂ ಇದು ನನಗೆ ಚಿಕ್ಕದೆಂದು ಯಾವತ್ತೂ ಅನ್ನಿಸಿರಲಿಲ್ಲ. ಅವಳ ಆ ಎರಡನೇ ಚುಕ್ಕೆ ನೋಡಿದ ಮೇಲೆ ಉಸಿರು ಕಟ್ಟುತ್ತದೆ.

ಭಾನುವಾರ ಸಂಜೆ ಅವಳೇ ತೀರ್ಮಾನ ಮಾಡಿದಳು. ಅತ್ತಳು, ಮುಖ ತೊಳೆದುಕೊಂಡಳು, ಚೀಟಿ ಬರೆದಳು. "ದೊಡ್ಡಮ್ಮನಿಗೆ ನೀನೇ ಹೇಳು, ನಂಗೆ ಅವ್ರ ಹತ್ರ ಮಾತಾಡಕ್ಕಾಗಲ್ಲ" ಅಂದಳು. ನೆನ್ನೆ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಬಂದು ನಿಂತಳು. ಸೌಟಿನ ಹನಿ ನೆಕ್ಕಿ ಬರೀ "ಸರಿ ಇದೆ" ಎಂದಳು.

ನೀನು ಬೇಜಾರು ಮಾಡಿಕೊಳ್ಳಬೇಡ. ಮೇಜು ಹಾಗೇ ಇರಲಿ, ಚಿಕ್ಕವಳಿಗಾದರೂ ಬೇಕಾದೀತು. ಭಾವನವರಿಗೆ ನಮಸ್ಕಾರ ತಿಳಿಸು, ತಣ್ಣೀರು ಕುಡಿಯಬೇಡಿ ಅಂತ ನಾನು ಗದರಿದೆ ಅನ್ನು. ದೂರದಿಂದಲೇ ಈ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸು, ನನ್ನನ್ನೂ ಅದರಲ್ಲಿ ಸೇರಿಸಿಕೋ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ ಅಕ್ಕ. ಲಕೋಟೆಗೆ ಗೋಂದು ಹಚ್ಚಿ, ಅಂಟಿಸಲಾರದೆ ಮತ್ತೆ ಪೆನ್ನು ತೆಗೆದುಕೊಂಡೆ.

ನನ್ನ ನಾಲಿಗೆ ವಾಪಸ್ಸು ಬಂದು ಐದು ತಿಂಗಳಾಯಿತು. ಮೊದಲು ಬಂದದ್ದು ಕಿತ್ತಳೆ ಸಿಪ್ಪೆಯ ವಾಸನೆ. ಚಿಕ್ಕವಳಿಗೆ ಸುಲಿದು ಕೊಡುತ್ತಿದ್ದೆ, ಉಗುರಿನಿಂದ ಘಮ್ಮೆಂದಿತು. ಕುಣಿದಾಡುವಷ್ಟು ಖುಷಿಯಾಯಿತು. ಚೂಟಿಗೆ ಹೇಳೋಣ ಎಂದು ಕೋಣೆಯವರೆಗೆ ಹೋದೆ. ಅವಳ ಬಾಗಿಲು ಮುಚ್ಚಿತ್ತು, ಒಳಗೆ ಓದುತ್ತಿದ್ದಳು ಅಷ್ಟೇ. ಆ ಮುಚ್ಚಿದ ಬಾಗಿಲು ನೋಡಿ ನನಗೆ ಭಯವಾಯಿತು. ಪೂರ್ತಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಉಪ್ಪು ಬಂತು, ಹುಳಿ ಬಂತು, ಖಾರವೂ ಬಂತು. ಹೇಳಲಿಲ್ಲ. ಆಮೇಲೆ ನಿನ್ನ ಪತ್ರ ಬಂತು. ಆ ಕೂಗುವ ಯಂತ್ರ ಚೆನ್ನಾಗಿಯೇ ಇದೆ, ಎರಡೇ ಸಲ ಕೂಗಿತ್ತು.

ಭಾನುವಾರ ಅವಳು ತಾನೇ ಸೂಪು ಮಾಡಿ ತಂದಳು. ಮನೆಯಲ್ಲಿ ನಾವಿಬ್ಬರೇ. "ಕುಡಿ ಅಮ್ಮ" ಎಂದು ಎದುರಿಗೆ ಕೂತಳು. ಒಂದು ಚಮಚ ಬಾಯಿಗೆ ಹಾಕಿದೆ. ಹಿಡಿ ಉಪ್ಪು ಹಾಕಿದ್ದಳು. ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ನಾನು ಹುಬ್ಬು ಅಲ್ಲಾಡಿಸದೆ ಬಟ್ಟಲು ಪೂರ್ತಿ ಕುಡಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ "ತುಂಬಾ ಬಿಸಿ" ಅಂದೆ. "ಉಪ್ಪು ಸರಿ ಹಾಕಿದೀಯಾ?" ಎಂದು ಕೇಳಿಯೂ ಕೇಳಿದೆ. ಅವಳು ಬಟ್ಟಲು ಕಿತ್ತುಕೊಂಡು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. "ಕ್ಷಮಿಸಮ್ಮಾ, ನಿನ್ನ ಮೇಲೆ ಅನುಮಾನ ಪಟ್ಟೆ. ಹೋಗ್ಬೇಕು ಅನ್ನೋ ಆಸೆಗೆ ನಿಂಗೆ ವಾಸಿಯಾಗಿದೆ ಅಂದ್ಕೊಂಡ್ಬಿಟ್ಟೆ. ನಾನು ಕೆಟ್ಟೋಳು ಅಮ್ಮ." ಅವಳ ತಲೆ ಸವರಿ, "ಇರಲಿ ಬಿಡು" ಅಂದೆ ಅಕ್ಕ. ನಾನು ಅವಳನ್ನು ಕ್ಷಮಿಸಿದೆ. ಚೀಟಿ ಬರೆದದ್ದು ಅದಾದ ಮೇಲೆ.

ಆ ಚೀಟಿಯನ್ನು ಕಚೇರಿಗೆ ಕೊಡಬೇಡ. ಇಪ್ಪತ್ತಕ್ಕೆ ಮೊದಲು ನೀನೇ ಹೊರಟು ಬಾ. ಎರಡು ದಿನದಿಂದ ಹೇಳಲು ಬಾಯಿ ತೆರೆದಿದ್ದೇನೆ, ಪ್ರತಿ ಸಲವೂ ಬೇರೆ ಏನೋ ಮಾತು ಬರುತ್ತದೆ. ನೀನು ಬಂದಾಗಲೂ ನಾನು ಅಳುತ್ತೇನೆ, ಗ್ಯಾಸಿನ ಮಾತು ತೆಗೆಯುತ್ತೇನೆ, ಇದನ್ನು ಬರೆದೇ ಇಲ್ಲ ಎನ್ನುತ್ತೇನೆ. ಅವಳೂ ನನ್ನ ಪರವಾಗಿಯೇ ನಿನ್ನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ನನ್ನ ಮುಖ ನೋಡಬೇಡ. ಈ ಹಾಳೆಯನ್ನು ಅವಳ ಕೈಗೆ ಕೊಡು.