ಫಿರಂಗಿ ಎತ್ತಿದ ಹೆಲಿಕಾಪ್ಟರ್

ಯಲಹಂಕ, ಬುಧವಾರ

ಅಕ್ಕಗ ಹುಲಿಗೆಪ್ಪನ ಶರಣು.

ವಿಮಾನ ಪ್ರದರ್ಶನದ ಪೆಂಡಾಲ್ ಕಟ್ಟಾಕ ನಾವು ಹತ್ತು ಮಂದಿ ಇಲ್ಲಿಗೆ ಬಂದೀವಿ. ನಿನ್ನೆ ಒಂದು ಭಾರಿ ಹೆಲಿಕಾಪ್ಟರ್ ನೋಡಿದೆ. ನೆತ್ತಿ ಮ್ಯಾಲ ಮುಂದೊಂದು ಹಿಂದೊಂದು ಎರಡು ಫ್ಯಾನ್ ಅದಾವ. ಹೊಟ್ಟಿ ಕೆಳಗ ಹಗ್ಗ ಬಿಟ್ಟು ಒಂದು ಫಿರಂಗಿನ ನೀನು ಕೊಡ ಎತ್ತಿದಂಗ ಎತ್ತಿಬಿಡ್ತು. ಅದರ ಗಾಳಿಗೆ ನಾವೆಲ್ಲಾ ಕಂಬ ತಬ್ಬಿಕೊಂಡು ನಿಂತ್ವಿ.

ಇಳಿದ ಮ್ಯಾಲ ಹತ್ತಿರ ಹೋದೆ. ಕಾವಲಿಗಿದ್ದ ವಾಯುಪಡೆಯವ ಕನ್ನಡದವನೇ. "ರಸ್ತೆ ಇಲ್ಲದ ಬೆಟ್ಟಕ್ಕೆ ಫಿರಂಗಿ ಒಯ್ತೀವಿ. ನೆರೆ ಬಂದ್ರೆ ಅಕ್ಕಿ ಒಯ್ತೀವಿ, ಜನಾನ ಹೊತ್ಕೊಂಡು ಬರ್ತೀವಿ" ಅಂದ.

"ನಮ್ಮ ಅಕ್ಕನ್ನೂ ತಂದೀರಿ" ಅಂದೆ. ಹೊಳಿ ಊರು ಹೊಕ್ಕ ವರ್ಷ ತುಂಬಿದ ಬಸುರಿ ನಿನ್ನನ್ನ ಸಣ್ಣ ಹೆಲಿಕಾಪ್ಟರಿನಾಗ ಒಯ್ದದ್ದು, ನೀನು ಅಂಜಿ ಆಸ್ಪತ್ರಿ ಮುಟ್ಟೋತನಾ ಕಣ್ಣು ಮುಚ್ಚಿಕೊಂಡೇ ಇದ್ದದ್ದು, ಎಲ್ಲಾ ಹೇಳಿದೆ. "ಮಗು ಉಳೀತಾ?" ಅಂದ ಅವ. "ಪವಿತ್ರಾ ಅಂತ, ಈಗ ಒಂಬತ್ತನೇ ಕ್ಲಾಸ್ ಓದತಾಳ್ರಿ" ಅಂದೆ. "ಬಾರಪ್ಪ, ಒಳಗೆ ನೋಡು" ಅಂದ.

ನಾ ಚಪ್ಪಲಿ ಬಿಟ್ಟೆ. "ಹಂಗೇ ಹತ್ತಪ್ಪ, ಇದೇನ್ ಗುಡಿ ಅಲ್ಲ" ಅಂದ. ನಾ ಕೇಳಲಿಲ್ಲ, ಬರಿಗಾಲಿನಾಗ ಹತ್ತಿದೆ. ಒಳಗ ನಮ್ಮ ಓಣಿ ಮಂದಿಯೆಲ್ಲಾ ಕೂಡೋವಷ್ಟು ಜಾಗ ಐತಿ.

ಇಲ್ಲಿಗೆ ಬರೋವಾಗ ಇದ್ದ ನನ್ನ ಜ್ವರ ಬಿಟ್ಟೈತಿ, ಚಿಂತಿ ಮಾಡಬ್ಯಾಡ. ಪ್ರದರ್ಶನಕ್ಕ ಇನ್ನೂ ಹದಿನೈದು ದಿನ ಐತಿ. ಪವಿತ್ರಾನ್ನ ಕರಕೊಂಡು ರೈಲಿಗೆ ಬಾ, ಯಶವಂತಪುರದಾಗ ನಾ ನಿಂತಿರ್ತೀನಿ. ಅಕ್ಕ ಬಂದ್ರ ತಾನೇ ಕೈಹಿಡಿದು ಹೆಲಿಕಾಪ್ಟರ್ ಹತ್ತಿಸ್ತೀನಿ ಅಂತ ಆ ವಾಯುಪಡೆಯವ ಅಂದಾನ.