ನೆನೆ ಇಟ್ಟ ಉಕ್ಕಿನ ಹಗ್ಗ

ಉಗರಗೋಳ
೬ ಮೇ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಕಾಂತೇಶನಿಗೆ,

ನಿನ್ನ ಅಕ್ಕ ದುರ್ಗಾ ಬರೆಯುತ್ತಿದ್ದೇನೆ. ಹೇಗಿದ್ದೀ? ನಡುನೋವು ಕಡಿಮೆಯಾಯಿತೇ? ಗೋವಾದ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆಗೆ ಅವ್ವ ಕೊಟ್ಟ ಮುಲಾಮು ಹಚ್ಚಿಕೊಂಡೆಯೋ, ಇಲ್ಲ ಬ್ಯಾಗಿನ ತಳದಲ್ಲೇ ಬಿಟ್ಟೆಯೋ? ನಿನ್ನದು ಗೊತ್ತಿರುವುದೇ. ಹಡಗು ಎತ್ತುವ ಹಗ್ಗಗಳಿಗೆ ತಿಂಗಳಿಗೊಮ್ಮೆ ತಪ್ಪದೆ ಗ್ರೀಸು ಹಚ್ಚುತ್ತೀ, ಸ್ವಂತ ಮೈಗೆ ಮುಲಾಮು ಹಚ್ಚಲು ಕೈ ಬರುವುದಿಲ್ಲ. ಅವ್ವ ದಿನಾ ಕೇಳುತ್ತಾಳೆ. ನನಗೇನು ಗೊತ್ತು ಎನ್ನುತ್ತೇನೆ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ "ಡ್ಯೂಟಿ ಮ್ಯಾಲೆ ಅದೇನಿ ಅಕ್ಕಾ" ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ ಎಂದು ಇದನ್ನು ಹಿಡಿದು ಕುಳಿತಿದ್ದೇನೆ.

ನಿನ್ನ ಮಾಮಾ, ನನ್ನ ಮನೆಯವರು, ಹೋಗಿ ಇವತ್ತಿಗೆ ಇಪ್ಪತ್ತು ದಿನ. ಮಣ್ಣು ಕೊಟ್ಟು ಮೂರನೆಯ ದಿನವೇ ನೀನು ಬ್ಯಾಗು ಹೆಗಲಿಗೇರಿಸಿದೆ. ಕಂಪನಿಯಲ್ಲಿ ರಜೆ ಇಲ್ಲ ಎಂದೆ. ಇರಲಿ. ಆದರೆ ಆ ಮೂರು ದಿನವೂ ನೀನು ಅಪ್ಪ ಕುಳಿತ ಕಡೆ ಕುಳಿತುಕೊಳ್ಳಲಿಲ್ಲ. ಅವನು ಪಡಸಾಲೆಗೆ ಬಂದರೆ ನೀನು ಹಿತ್ತಲಿಗೆ, ಅವನು ಹಿತ್ತಲಿಗೆ ಹೋದರೆ ನೀನು ಊರ ಅಗಸಿ ಕಡೆಗೆ. ಬಂದವರೆಲ್ಲ ಗಂಡ ಸತ್ತವಳ ಮುಖ ನೋಡುತ್ತಿದ್ದರು. ನಾನು ನಿನ್ನ ಮುಖ ನೋಡುತ್ತಿದ್ದೆ. ದುಃಖಕ್ಕೆ ಹೀಗೆ ಮಾಡುತ್ತಾನೆ ಎಂದುಕೊಂಡೆ.

ನೀನು ಹೋದ ಮೇಲಿನ ಸುದ್ದಿ ಹೇಳುತ್ತೇನೆ. ನೀನು ಹೋದ ವಾರಕ್ಕೆ ಸರಕಾರದ ಎಂಜಿನಿಯರ್ ಒಬ್ಬರು ಬಂದು ಅಪ್ಪ, ನಿನ್ನ ಮಾಮಾ ಬಾವಿ ತೋಡಲು ನಡೆಸುತ್ತಿದ್ದ ಕ್ರೇನು, ತುಂಡಾದ ಹಗ್ಗ ಎಲ್ಲ ನೋಡಿದರು. ಒಳ್ಳೆಯ ಮನುಷ್ಯ, ಯಾರಿಗೂ ಏರಿದ ದನಿಯಲ್ಲಿ ಮಾತಾಡಲಿಲ್ಲ. ಹಗ್ಗದ ಒಂದು ಎಳೆಯ ಸಂದಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುವಿದರು. ಹೊರಗೆ ಬೆಳ್ಳಗೆ ಥಳಥಳ ಹೊಳೆಯುತ್ತಿದ್ದ ಹಗ್ಗದ ಒಳಗಿಂದ ಕೆಂಪು ಪುಡಿ ಸುರಿಯಿತು. ನಡುವಿನ ನಾರು ಕೊಳೆತು ಕಪ್ಪಾಗಿತ್ತು. ಅದನ್ನು ಮೂಸಿ ನೋಡಿ, "ಇದನ್ನ ನೀರಾಗ ಇಟ್ಟಿದ್ರೇನ್ರಿ?" ಎಂದು ಕೇಳಿದರು. ಅಪ್ಪ ಮುಂದೆ ಬಂದು ನಿಂತ. "ನಾನs ಇಡತಿದ್ದೆ ಸಾಹೇಬ್ರ. ವಾರಕ್ಕೊಮ್ಮೆ, ಕೆಲಸ ಬಿಟ್ಟ ದಿನ. ಹಗ್ಗಕ್ಕ ಬಲ ಬರಲಿ ಅಂತ" ಎಂದ. ಆ ಮನುಷ್ಯ ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು. ಆಮೇಲೆ, "ನಿಮಗ ಯಾರೂ ಹೇಳಲಿಲ್ಲೇನ್ರಿ ಯಜಮಾನ್ರ?" ಎಂದರು.

ಯಾರು ಹೇಳಬೇಕಿತ್ತು, ಕಾಂತೇಶ? ನಮ್ಮದು ಹಗ್ಗ ಹೊಸೆಯುವ ಮನೆತನ. ಅಜ್ಜ ಪುಂಡಿ ನಾರಿನಲ್ಲಿ ಹೊಸೆದ ಹಗ್ಗಕ್ಕೆ ಸವದತ್ತಿ ಸಂತೆಯಲ್ಲಿ ಜನ ಕಾಯುತ್ತಿದ್ದರು. ಭಾರ ಎತ್ತುವ ಮುಂಚೆ ಹಗ್ಗ ನೆನೆ ಇಡಬೇಕು, ಒಣ ಹಗ್ಗ ಹರಿಯುತ್ತದೆ, ಹಸಿ ಹಗ್ಗ ಹಿಡಿಯುತ್ತದೆ ಎಂಬುದನ್ನು ನಾವಿಬ್ಬರೂ ಅಆಇಈಗಿಂತ ಮೊದಲು ಕಲಿತೆವು. ಎರಡು ವರ್ಷದ ಹಿಂದೆ ಕ್ರೇನಿಗೆ ಹೊಸ ಉಕ್ಕಿನ ಹಗ್ಗ ಬೇಕಾದಾಗ ಬೆಳಗಾವಿಗೆ ಹೋಗಿ ಆರಿಸಿ ತಂದವನು ನೀನೇ. ಅವತ್ತು ಪಡಸಾಲೆಯಲ್ಲಿ ಎಂಥ ಭಾಷಣ ನಿನ್ನದು! ಆರು ಎಳೆ, ಒಂದೊಂದು ಎಳೆಯಲ್ಲಿ ಮೂವತ್ತಾರು ತಂತಿ, ತಂತಿ ಸಣ್ಣದಾದಷ್ಟು ಹಗ್ಗ ಬಾಗುತ್ತದೆ, ಇಂಥದೇ, ಇನ್ನೂ ದಪ್ಪನೆಯ ಹಗ್ಗದಲ್ಲಿ ಬಂದರಿನಲ್ಲಿ ನಲವತ್ತು ಟನ್ನಿನ ಹಡಗಿನ ಎಂಜಿನ್ನು ಎತ್ತುತ್ತೇವೆ ಎಂದು ಒಂದು ತಾಸು ಹೇಳಿದೆ. ನಡುವೆ ನಾರಿನ ತಿರುಳು ಇರುತ್ತದೆ ಎಂದಾಗ ಅಪ್ಪನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನೋಡಿದ್ಯಾ, ಮ್ಯಾಲೆ ಉಕ್ಕು, ಒಳಗ ನಮ್ಮ ನಾರs ಐತಿ" ಎಂದು ಅವ್ವನನ್ನು ಕರೆದು ತೋರಿಸಿದ. ನಾರು ಎಂದ ಮೇಲೆ ಅವನಿಗೆ ಯಾರೂ ಏನೂ ಕಲಿಸಬೇಕಿರಲಿಲ್ಲ. ಆ ವಾರದಿಂದಲೇ ಹಗ್ಗ ದನಗಳ ತೊಟ್ಟಿಗೆ ಇಳಿಯಿತು. ಎಷ್ಟು ಸಣ್ಣ ತಪ್ಪು! ಹಗ್ಗವನ್ನು ಪ್ರೀತಿ ಮಾಡುವವನು ಮಾತ್ರ ಮಾಡುವ ತಪ್ಪು. ಹಗ್ಗದ ಗೊಡವೆ ಇಲ್ಲದ ಸೋಮಾರಿಯಾಗಿದ್ದರೆ ನನ್ನ ಗಂಡ ಇವತ್ತು ಊಟಕ್ಕೆ ಬರುತ್ತಿದ್ದ.

ಅವತ್ತು ಮಧ್ಯಾಹ್ನ ನಡೆದದ್ದನ್ನು ನಿನಗೆ ಯಾರೂ ಪೂರ್ತಿ ಹೇಳಿಲ್ಲ, ನೀನೂ ಕೇಳಲಿಲ್ಲ. ಮೇಲೆ ಕ್ರೇನಿನ ಬ್ರೇಕು ಹಿಡಿದವನು ಅಪ್ಪ. ಕೆಳಗೆ ನಲವತ್ತೈದು ಅಡಿಯಲ್ಲಿ ಕಲ್ಲು ತುಂಬುತ್ತಿದ್ದವರು ನಿನ್ನ ಮಾಮಾ. ಬುಟ್ಟಿ ಅರ್ಧ ಮೇಲೆ ಬಂದಿತ್ತು. ಕೈಯಲ್ಲಿ ಬ್ರೇಕು ಒಮ್ಮೆಲೇ ಹಗುರಾಯಿತಂತೆ. "ಭಾರ ಹೋತು ಅಂತ ಕೈಗೆ ಮೊದಲ ಗೊತ್ತಾತು, ಕಣ್ಣಿಗೆ ಆಮ್ಯಾಲೆ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ. ಹೇಳಿ ಆ ಬಲಗೈಯನ್ನೇ ನೋಡುತ್ತಾನೆ. ಈಗ ಅದೇ ಕೈಯಿಂದ ಊಟ ಮಾಡುವುದಿಲ್ಲ. ಅವ್ವ ಎಡಗೈಗೆ ರೊಟ್ಟಿ ಕೊಟ್ಟರೆ ಅರ್ಧ ತಿಂದು ಏಳುತ್ತಾನೆ. ನನ್ನೆದುರು ಬರುವುದಿಲ್ಲ. ನಾನು ನೀರು ಕೊಟ್ಟರೆ ಕುಡಿಯುವುದಿಲ್ಲ, ಚೊಂಬು ಕಟ್ಟೆಯ ಮೇಲೆ ಇಟ್ಟು ಒಳಗೆ ಬಂದರೆ ಮಾತ್ರ ಎತ್ತಿಕೊಳ್ಳುತ್ತಾನೆ. ನಾನು ಅವನ ಮಗಳು, ಅವನಿಗೆ ನಾನು ಈಗ ಭರಮಪ್ಪನ ಹೆಂಡತಿ ಮಾತ್ರ.

ಓಣಿಯವರ ಬಾಯಿ ನಿನಗೆ ಗೊತ್ತಲ್ಲ. ಆಡುವವರಿಗೇನು, ಆಡಿ ಹೋಗುತ್ತಾರೆ. "ಅಳಿಯನ್ನ ಮಾವನs ತಿಂದ" ಎಂದು ಮಾಯವ್ವ ನಮ್ಮ ನಳದ ಮುಂದೆಯೇ ಅಂದಳು. ಅವಳ ಕೊಡ ಕಿತ್ತು ಎಸೆಯಬೇಕು ಅನಿಸಿತು, ಎಸೆದೂ ಬಿಟ್ಟೆ. ಅಪ್ಪ ಅದನ್ನು ಕೇಳಿಸಿಕೊಂಡು, "ಆಕಿ ಖರೇನs ಅಂದಾಳ, ಬಿಡು" ಎಂದ. ಬರುವ ಸೋಮವಾರ ಸವದತ್ತಿ ಠಾಣೆಯಲ್ಲಿ ಅವನ ಹೇಳಿಕೆ ಇದೆ. ಎಲ್ಲ ತನ್ನದೇ ತಪ್ಪು, ಅಳಿಯನನ್ನು ಕೊಂದವನು ತಾನು, ಒಳಗೆ ಹಾಕಿರಿ ಎಂದು ಬರೆಸುತ್ತಾನಂತೆ. ಅರವತ್ತೆಂಟು ವರ್ಷದ ಮನುಷ್ಯ ಜೈಲಿಗೆ ಹೋಗಲು ಧೋತರ ಒಗೆಸಿ ಇಟ್ಟುಕೊಂಡಿದ್ದಾನೆ. ಗಂಡ ಹೋದ, ಈಗ ಅಪ್ಪನೂ ಕೈಬಿಟ್ಟು ಹೋಗುತ್ತಿದ್ದಾನೆ, ನಾನು ನೋಡುತ್ತಾ ಕೂತಿದ್ದೇನೆ.

ನಿನ್ನ ಬಗ್ಗೆಯೂ ಒಂದು ಮಾತು ಬಂತು. ಚಿಕ್ಕಪ್ಪ ಪರಸಪ್ಪ, "ಕಾಂತೇಶ ಯುಗಾದಿಗೆ ಬಂದಿದ್ದನಲ್ಲ, ಅಂವ ನೋಡಲಿಲ್ಲೇನು?" ಎಂದು ಕೇಳಿದ. ಅಪ್ಪ ಸಿಟ್ಟಿಗೆದ್ದ. ಇಷ್ಟು ದಿನದಲ್ಲಿ ಅವನಿಗೆ ಸಿಟ್ಟು ಬಂದದ್ದು ಅದೊಂದೇ ಸಲ. "ನನ್ನ ಮಗ ನೋಡಿದ್ರ ಹೇಳತಿದ್ದ. ಅಂವಗ ಗೊತ್ತಿದ್ದಿಲ್ಲ. ಅವನ ಹೆಸರು ಎತ್ತಬ್ಯಾಡ್ರಿ" ಎಂದ. ಯುಗಾದಿಯ ದಿನ ಅಪ್ಪ ನಾಲ್ಕು ಜನರ ಮುಂದೆ, "ನೀ ಹುಟ್ಟೂಕಿಂತ ಮೊದಲ ನಾ ಹಗ್ಗ ಹಿಡದೇನಿ, ನನಗ ಕಲಸಾಕ ಬರಬ್ಯಾಡ" ಎಂದು ನಿನ್ನನ್ನು ಗದರಿದ್ದು ನನಗೆ ನೆನಪಿದೆ. ನಿನಗೆ ಅವಮಾನವಾಗಿತ್ತು, ಮುಖ ಕೆಂಪಗಾಗಿತ್ತು. ಆದರೆ ಅದು ಬುಟ್ಟಿಗೆ ಕೊಕ್ಕೆ ಹಾಕುವ ವಿಷಯಕ್ಕೆ ಬಂದ ಮಾತು, ನೆನೆ ಇಡುವುದಕ್ಕಲ್ಲ. ನೆನೆ ಇಟ್ಟದ್ದು ನೀನು ನೋಡಿರಲಿಕ್ಕಿಲ್ಲ ಎಂದೇ ನಾನೂ ನಂಬಿದ್ದೇನೆ. ನಂಬದೆ ಏನು ಮಾಡಲಿ, ನನಗೆ ಇರುವವನು ಒಬ್ಬನೇ ತಮ್ಮ.

ಅದಕ್ಕೆ ಕೇಳುವುದು ಇಷ್ಟೇ. ಸೋಮವಾರದ ಒಳಗೆ ಬಾ. ಅಪ್ಪನ ಪಕ್ಕದಲ್ಲಿ ಕುಳಿತುಕೋ. ಹಡಗಿನ ಹಗ್ಗ ನೋಡುವವರೂ ತಪ್ಪು ಮಾಡುತ್ತಾರೆ, ಇಂಥದು ಯಾರಿಗೂ ಹೊರಗಿನಿಂದ ಕಾಣುವುದಿಲ್ಲ ಎಂದು ನಿನ್ನ ಬಾಯಿಂದ ಹೇಳು. ನಾನು ಹೇಳಿದರೆ ಅವನು ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾನೆ. ಎದುರಿಗೆ ಗದರಿದರೂ ಅವನಿಗೆ ನಿನ್ನ ಮಾತೆಂದರೆ ಶಾಸನ. ಅವ್ವ ನಿನ್ನ ರೊಟ್ಟಿಗೆಂದು ಸೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಹೋಗುವಾಗ ಒಯ್ಯುವಿಯಂತೆ. ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ತಾಯಿ ಯಲ್ಲಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದುರ್ಗಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ, ಕಟ್ಟು ಹಾಕಿಸಲು ಒಂದು ಫೋಟೋ ಬೇಕೆಂದು ನಿನ್ನ ಮಾಮಾನ ಫೋನು ಚಾರ್ಜಿಗೆ ಹಾಕಿ ತೆಗೆದೆ. ಯುಗಾದಿ ಅಮಾವಾಸ್ಯೆಯ ದಿನ ನೀನು ಅವರಿಗೆ ಕಳಿಸಿದ ವಿಡಿಯೋ ಅದರಲ್ಲಿದೆ. ತೊಟ್ಟಿಯಲ್ಲಿ ಹಗ್ಗ, ಪಕ್ಕದಲ್ಲಿ ಅಪ್ಪ, ನಿನ್ನ ದನಿ: "ನೋಡ್ರೆಪಾ ದೋಸ್ತರ, ನಮ್ಮೂರಾಗ ಉಕ್ಕಿನ ಹಗ್ಗಕ್ಕ ಜಳಕಾ ಮಾಡಸ್ತಾರ." ಆಮೇಲೆ ನಗು. ನಿನ್ನ ಮಾಮಾ ಪಾಪ ತಾವೂ ನಗುತ್ತಾ ಕೇಳುತ್ತಾರೆ: "ಯಾಕ ನಗಾಕತ್ತೀಯೋ, ಏನರ ತಪ್ಪೈತೇನು?" ನೀನು ಹೇಳುತ್ತೀ: "ಏನಿಲ್ಲ ಮಾಮಾ, ಚಲೋ ಮಾಡಾಕತ್ತೀರಿ." ಹದಿನೆಂಟು ದಿನ ಉಳಿದಿತ್ತು ಕಾಂತೇಶ, ಒಂದು ಮಾತು ಸಾಕಿತ್ತು. ಸುಳ್ಳು ಸಮಾಧಾನ ಹೇಳಲು ಇನ್ನು ಬರಬೇಡ. ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಅಪ್ಪ ಸವದತ್ತಿಗೆ ಹೊರಡುತ್ತಾನೆ. ಅಷ್ಟರೊಳಗೆ ಬಂದು, ನನಗೆ ಮೊದಲೇ ಗೊತ್ತಿತ್ತು ಎಂದು ನೀನೇ ಹೇಳಿದರೆ ಹೇಳು. ಬರದಿದ್ದರೆ ಬಸ್ಸು ಹತ್ತುವ ಮುಂಚೆ ಫೋನು ಅವನ ಕೈಗೆ ಕೊಡುತ್ತೇನೆ. ಅಪ್ಪನಿಗೆ ಓದಲು ಬರುವುದಿಲ್ಲ, ಆದರೆ ಮಗನ ನಗು ಗುರುತು ಹಿಡಿಯುತ್ತಾನೆ.