ಊತವಿಲ್ಲದ ನಾಲ್ಕು ಫೋಟೋ

ದಂತ ವಿಭಾಗದ ಮುಖ್ಯಸ್ಥರೇ,

ನಿಮ್ಮ ಮೂರನೇ ನಂಬರಿನ ಕೋಣೆಯಲ್ಲಿ ಎರಡು ವರ್ಷದೊಳಗೆ ನನ್ನ ಮಗಳ ಮೂರು ಗಟ್ಟಿ ಹಲ್ಲು ಕಿತ್ತಿದ್ದೀರಿ. ಒಮ್ಮೆಯೂ ಎಕ್ಸ್-ರೇ ತೆಗೆಸಲಿಲ್ಲ. ಕೆಟ್ಟಿದ್ದು ಹಲ್ಲಲ್ಲ, ದವಡೆಯ ಮೂಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವನು ಗಾದೆಯಲ್ಲಷ್ಟೇ ಇದ್ದಾನೆಂದು ತಿಳಿದಿದ್ದೆ. ಅವನಿಗೆ ನಿಮ್ಮಲ್ಲಿ ಕಾಯಂ ನೌಕರಿಯೇ ಸಿಕ್ಕಿದೆ. ಚೀಟಿಯಲ್ಲಿ ಮೂರು ಸಲವೂ ಒಂದೇ ಮಾತು: "ಹುಳುಕು. ಕೀಳಲಾಗಿದೆ." ಎರಡನೇ ಸಲ ಮಗಳು, "ನೋವೇ ಇಲ್ಲ ಡಾಕ್ಟ್ರೇ, ಬರೀ ಊದ್ತಾ ಇದೆ" ಎಂದಳು. "ನೋವಿಲ್ದಿದ್ರೆ ಒಳ್ಳೇದೇ ಅಲ್ವೇನಮ್ಮಾ?" ಎಂದು ನಿಮ್ಮ ವೈದ್ಯರು ನಕ್ಕರು. ಪಕ್ಕದಲ್ಲಿ ನಿಂತಿದ್ದ ನಾನೂ ನಕ್ಕೆ.

ಇಷ್ಟಕ್ಕೇ ಸಹಿ ಹಾಕಿದ್ದರೆ ಇದೊಂದು ಲಕ್ಷಣವಾದ ದೂರುಪತ್ರವಾಗುತ್ತಿತ್ತು. ಆದರೆ ಮಿಕ್ಕದ್ದನ್ನು ನುಂಗಿಕೊಂಡು ಬಾಳಲು ನನಗೆ ನಾಚಿಕೆಯಾಗುತ್ತಿದೆ.

ನನ್ನದು ಫೋಟೋ ಸ್ಟುಡಿಯೋ. ಮಗಳು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುವವಳು. ಅವಳ ಗುರುತಿನ ಚೀಟಿಗೆ ವರ್ಷಕ್ಕೊಂದು ಹೊಸ ಫೋಟೋ ಬೇಕು. ನಾಲ್ಕು ವರ್ಷದ ಹಿಂದೆ ಬಲಗೆನ್ನೆಯ ಕೆಳಗೆ ಸಣ್ಣ ಉಬ್ಬು ಕಂಡಿತು. ನಮ್ಮ ಕಸುಬಿನವರ ಕೈ ಸುಮ್ಮನಿರುತ್ತದೆಯೇ? ಫೋಟೋದಲ್ಲಿ ಎಡದವಡೆಯ ಗೆರೆಯನ್ನು ತಿರುಗಿಸಿ ಬಲಕ್ಕೆ ಕೂರಿಸಿದೆ. ಮರುವರ್ಷ ಉಬ್ಬು ಹೆಚ್ಚಿತ್ತು. ಇನ್ನಷ್ಟು ಹೊತ್ತು ಕೂತು ತಿದ್ದಿದೆ. ಹೆಣ್ಣುಮಗಳು, ನಾಲ್ಕು ಜನ ನೋಡುವ ಮುಖ ಎಂಬ ಸಮಾಧಾನ ಬೇರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಾನು ಮಗಳ ಕೆನ್ನೆಯನ್ನು ಕಂಪ್ಯೂಟರಿನ ತೆರೆಯ ತುಂಬ ಹಿಗ್ಗಿಸಿಟ್ಟುಕೊಂಡೂ ಏನನ್ನೂ ನೋಡಲಿಲ್ಲ.

ಕೊನೆಗೆ ಬೇರೊಂದು ಆಸ್ಪತ್ರೆಯ ಶಸ್ತ್ರವೈದ್ಯೆ ಎಕ್ಸ್-ರೇ ತೆಗೆಸಿದರು. ದವಡೆಯೊಳಗೆ ಸೋಪಿನ ನೊರೆಯ ಹಾಗೆ ಪೊಳ್ಳು ಪೊಳ್ಳು. "ಎಷ್ಟು ದಿನದಿಂದ ಇದೆ?" ಎಂದರು. ಮಗಳು ನಾಲ್ಕು ವರ್ಷ ಎಂದಳು. ಅವರು ನಿಮ್ಮ ಚೀಟಿಗಳನ್ನು ತಿರುವಿ ನೋಡಿದರು. "ಚೀಟೀಲಿ ಊತದ ಸುದ್ದೀನೇ ಇಲ್ವಲ್ಲ. ಹಳೇ ಫೋಟೋ ಇದ್ಯಾ?"

ನನ್ನ ಹತ್ತಿರ ಫೋಟೋಗೆ ಬರವೇ! ನಾಲ್ಕನ್ನೂ ಸಾಲಾಗಿ ಮೇಜಿನ ಮೇಲಿಟ್ಟೆ. ಅವರ ಮುಖ ಸಪ್ಪಗಾಯಿತು. "ಹೋದ ವರ್ಷ ಏನೂ ಇರ್ಲಿಲ್ಲ. ಇಷ್ಟು ಬೇಗ ಬೆಳೀತು ಅಂದ್ರೆ ಕ್ಯಾನ್ಸರೂ ಇರಬಹುದು."

ಮಗಳೇ ಹೇಳಿದಳು: "ಅವು ಅಪ್ಪ ತಿದ್ದಿರೋದು ಮೇಡಂ." ಆಮೇಲೆ ನನ್ನತ್ತ ತಿರುಗಿದಳು. "ತಿದ್ದದೇ ಇರೋದು ಒಂದಾದ್ರೂ ಇಟ್ಟಿಲ್ವಾ ಅಪ್ಪಾ?"

ಇಟ್ಟಿರಲಿಲ್ಲ. ನಿಮ್ಮ ಚೀಟಿಯಲ್ಲೂ ಊತವಿಲ್ಲ, ನನ್ನ ಫೋಟೋದಲ್ಲೂ ಇಲ್ಲ. ನಾವಿಬ್ಬರೂ ಸೇರಿ ಅದನ್ನು ಬಚ್ಚಿಟ್ಟು ಬೆಳೆಸಿದೆವು.

ತುಣುಕು ತೆಗೆದು ಪರೀಕ್ಷಿಸಿದ ಮೇಲೆ ಹೆಸರು ತಿಳಿಯಿತು: ಅಮೆಲೊಬ್ಲಾಸ್ಟೋಮಾ. ಅಪರೂಪದ ಗಡ್ಡೆ, ಕ್ಯಾನ್ಸರ್ ಅಲ್ಲ, ಆದರೆ ಮೂಳೆ ತಿನ್ನುತ್ತದೆ. ಚಿಕ್ಕದಿದ್ದಾಗ ಸಿಕ್ಕಿದ್ದರೆ ಕೆರೆದು ತೆಗೆಯಬಹುದಿತ್ತಂತೆ. ಈಗ ಬಲದವಡೆಯ ಒಂದು ಭಾಗವನ್ನೇ ಕತ್ತರಿಸಿ ಕಾಲಿನ ಮೂಳೆ ಕೂರಿಸಿದ್ದಾರೆ. ಕೆಳತುಟಿಗೆ ಸ್ಪರ್ಶ ತಿಳಿಯುವುದಿಲ್ಲ. ಮೈಕಿನ ಮುಂದೆ ಬಸ್ಸು ಎನ್ನಲು ತಡವರಿಸುತ್ತಾಳೆ.

ಊದಿದ ದವಡೆಗೆ ಇಕ್ಕಳ ಹಾಕುವ ಮುನ್ನ ಎಕ್ಸ್-ರೇ ತೆಗೆಸಿ. ಊತವನ್ನು ಅಳೆದು ಚೀಟಿಯಲ್ಲಿ ಬರೆಯಿರಿ. ಮತ್ತು ನನ್ನ ಮಗಳ ಎದುರು ನಿಂತು ತಪ್ಪಾಯಿತು ಎನ್ನಿ. ನಾನು ಅಂದಿದ್ದೇನೆ. ಅವಳು "ಆಯ್ತು ಬಿಡಪ್ಪಾ" ಎಂದಳು.

ಹೋದ ವಾರ ಈ ವರ್ಷದ ಗುರುತಿನ ಚೀಟಿಗೆ ಫೋಟೋ ಬೇಕಾಯಿತು. ಅವಳು ಎದುರು ಬೀದಿಯ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡು ಬಂದಳು.

ಇಂತಿ,
ನಿಮ್ಮ ತಪ್ಪಿನಲ್ಲಿ ಸಮಪಾಲುದಾರನಾದ
ಒಬ್ಬ ಫೋಟೋದವನು